ಸಮುದ್ರ ಇಲ್ದ ಊರಾಗ ನೀರಿನ ದಂಡಿ: ಬೋನಾಳ ಕೆರೆ

ನಾನು ದೇವಾಪುರದವ. ನಮ್ಮ ಕಡೆ ‘ಬೀಚ್ ಉಳಿಸಿ’ ರೀಲ್ಸ್ ನೋಡಿ ಲೈಕ್ ಒತ್ತೋರು ಭಾಳ ಮಂದಿ ಅದಾರ. ಆದ್ರ ಬೈಕಿನ ಮ್ಯಾಲೆ ಹೋಗುವಷ್ಟು ದೂರದಾಗ ಬೋನಾಳ ಕೆರೆ ಅದ ಅಂದ್ರ, ‘ಅದೇನ್ ನೋಡೋದ್ರಿ’ ಅಂತಾರ. ಇವತ್ತಿನ ಮಾತು ಅದರ ಬಗ್ಗೆನೇ.

ಸುರಪುರದ ನಾಯಕ ಅರಸರ ಕಾಲದ ಕೆರೆ ಇದು. 1840ರ ದಶಕದಲ್ಲಿ ಇಲ್ಲಿಗೆ ಬಂದ ಅಧಿಕಾರಿ ಮೆಡೋಸ್ ಟೇಲರ್ ತಾಲೂಕಿನ ಕೆರೆಗಳ ಮೇಲೆ ಕೆಲಸ ಮಾಡಿಸಿದ. ಬಾಲಕನಾಗಿದ್ದ ರಾಜ ವೆಂಕಟಪ್ಪ ನಾಯಕ ಅವನಿಗೆ ‘ಅಪ್ಪಾ’ ಅಂತಿದ್ದ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಮುಂದ ಸೆಲ್ಫಿ ತಗೊಳ್ಳೋ ಹುಡುಗರು ಕೆರೆ ಕಡೆನೂ ಒಂದ್ಸಲ ತಿರುಗಿದ್ರ ಚಲೋ ಇರ್ತಿತ್ತು.

ಚಳಿಗಾಲದಾಗ ಇಲ್ಲಿ ಬೆಳ್ಳಕ್ಕಿ, ನಾಮಗೋಳಿ, ಬಣ್ಣದ ಕೊಕ್ಕರೆ, ನೀಲಿ ಬಣ್ಣದ ಜಂಬುಕೋಳಿ ಸಿಗ್ತಾವ. ಜಂಬುಕೋಳಿ ನೋಡಬೇಕಂದ್ರ ದಂಡಿ ಜಂಬುಹುಲ್ಲು ಇರಬೇಕು. ಗೂಡು ಕಟ್ಟೋದು, ಅಡಗೋದು ಎಲ್ಲ ಅದರಾಗೇ. ‘ಕೆರೆ ಸ್ವಚ್ಛ ಮಾಡ್ತೀವಿ’ ಅಂತ ಜೆಸಿಬಿ ತಂದು ದಂಡಿ ಕೆರೆದು ಬಿಟ್ರ ಫೋಟೋಕ್ಕ ನೀರು ಚಂದ ಕಾಣ್ತದ, ಹಕ್ಕಿ ಮಾತ್ರ ಇರೋದಿಲ್ಲ. ಅಭಿವೃದ್ಧಿ ಅಂದ್ರ ಕಲ್ಲು ಹಾಸೋದು, ದೀಪ ಹಚ್ಚೋದು ಅಂತ ತಿಳಿಯೋದು ನನಗಂತೂ ಸರಿ ಅನ್ನಿಸೋದಿಲ್ಲ.

ಇನ್ನೊಂದು ಮಾತು. ನಾರಾಯಣಪುರ ಕಾಲುವೆ ಬಂದ ಮ್ಯಾಲೆ ನಮ್ಮ ಸೀಮೆ ಭತ್ತದ ಸೀಮೆ ಆಯ್ತು. ರೊಕ್ಕ ಬಂತು, ಅದನ್ನ ಬ್ಯಾಡ ಅನ್ನಾಕ ಆಗೋದಿಲ್ಲ. ನಾನು ಬಿ.ಕಾಂ. ಓದಿದವ, ಲೆಕ್ಕ ಎರಡೂ ಕಡೆ ಬರೀಬೇಕು ಅಂತ ಕಲ್ತೀನಿ. ಗದ್ದೆಗೆ ಹಾಕಿದ ಗೊಬ್ಬರ, ಹೊಡೆದ ಔಷಧ ಮಳೆ ನೀರಿನ ಜೋಡಿ ಹರಿದು ತಗ್ಗಿಗೇ ಸೇರ್ತದ. ತಗ್ಗಿನಾಗ ಕೆರೆ. ಗೊಬ್ಬರ ಹೆಚ್ಚಾದ್ರ ಪಾಚಿ ಹೆಚ್ಚು, ಪಾಚಿ ಕೊಳೆತ್ರ ನೀರಿನಾಗ ಆಮ್ಲಜನಕ ಕಮ್ಮಿ, ಮೀನಿಗೆ ಉಸಿರಿಲ್ಲ. ಮೀನು ಹಿಡಿಯೋ ಮನೆಯವರ ಹೊಟ್ಟೆಪಾಡೂ ಇದೇ ಲೆಕ್ಕದಾಗ ಬರ್ತದ.

ಬ್ಯಾರೆ ಕಡೆ ಏನಾತು ನೋಡ್ರಿ. ಕುಮಟಾ ಹತ್ರ ಅಘನಾಶಿನಿ ಅಳಿವೆ ಅದ. ಉಪ್ಪು-ಸಿಹಿ ನೀರು ಕೂಡೋ ಜಾಗ, ಬಳಚು ಆರಿಸಿ ಬದುಕೋ ಕುಟುಂಬಗಳು ಸಾವಿರಾರು. ಪಕ್ಕದ ತದಡಿಯೊಳಗ ಉಷ್ಣ ವಿದ್ಯುತ್ ಸ್ಥಾವರ ಬರ್ತದ ಅಂದಾಗ ಜನ ವಿರೋಧ ಮಾಡಿದ್ರು, ಯೋಜನೆ ನಿಂತ್ತು. 2024ರಲ್ಲಿ ಅದು ರಾಮ್ಸಾರ್ ಪಟ್ಟಿ ಸೇರಿತು. ಅದರ ಜೋಡಿ ಸೇರಿದ್ದು ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ. ಇವೆರಡೂ ನಮ್ಮಂಥ ಬಯಲುಸೀಮೆ ಕೆರೆಗಳೇ. ಮಾಗಡಿಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಬರ್ತಾವ, ಸುತ್ತಲ ಹೊಲದಾಗ ಮೇಯ್ತಾವ. ರೈತರು ತಾಳಿಕೊಂಡಾರ ಅಂತನೇ ಅವು ಪ್ರತಿ ವರ್ಷ ಬರೋದು.

ಅಂಥಾ ಹೆಸರು ಸುಮ್ನ ಸಿಗೋದಿಲ್ಲ, ವರ್ಷಾನುಗಟ್ಟಲೆ ಯಾರೋ ಕುಂತು ಹಕ್ಕಿ ಎಣಿಸಿರಬೇಕು. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿ ನಡೀತದ. ನಿಮ್ಮ ಕೈಯಾಗಿನ ಫೋನಿನಾಗ ಇ-ಬರ್ಡ್ ಆ್ಯಪ್ ಹಾಕ್ಕೊಂಡ್ರೂ ಸಾಕು, ಯಾವ ಹಕ್ಕಿ, ಎಷ್ಟು, ಎಲ್ಲಿ, ಯಾವಾಗ ಅಂತ ದಾಖಲೆ ಉಳೀತದ. ಹೆಸರು ಗೊತ್ತಾಗದಿದ್ರ ಊರಿನ ಮೀನುಗಾರರನ್ನ ಕೇಳ್ರಿ, ನಮಗಿಂತ ಚಲೋ ಅವರಿಗೆ ಗೊತ್ತದ.

ಬರೋ ಜನವರಿಯಾಗ ನಾವು ನಾಕು ಮಂದಿ ನಸುಕಿನ್ಯಾಗ ಬೋನಾಳಕ್ಕ ಹೋಗೋರು ಅದೀವಿ. ಬರೋರು ಬರ್ರಿ. ಡ್ರೋನ್ ಬ್ಯಾಡ, ಸ್ಪೀಕರ್ ಬ್ಯಾಡ. ದುರ್ಬೀನು ಇದ್ದೋರು ಮರೀದೆ ತರ್ರಿ, ನಮ್ಮ ಕಡೆ ಒಂದೇ ಅದ.