ಒಂದು ವಕೀಲ ಮನೆತನದ ಏಳಿಗೆ ಮತ್ತು ವಿಭಾಗ

(ಪಂಚಕಲ್ಯಾಣ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

ನಾನು ಕಾನೂನು ಓದಿದವನಲ್ಲ. ಮೆಟ್ರಿಕ್ ಮುಗಿಸಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ವ್ಯಾಪಾರಿ. ಆದರೂ ಮುಂಬೈಯ ಒಂದು ವಕೀಲಿ ಸಂಸ್ಥೆಯ ವೃತ್ತಾಂತವು ನಮ್ಮಂಥ ಮನೆತನದ ವ್ಯಾಪಾರಿಗಳು ತಿಳಿಯತಕ್ಕದ್ದೆಂದು ನನಗೆ ತೋರಿದೆ.

1917ರಲ್ಲಿ ಮುಂಬೈಯಲ್ಲಿ ಅಮರಚಂದ್ ಶ್ರಾಫ್ ಮತ್ತು ಮಂಗಳದಾಸ್ ಮೆಹತಾ ಎಂಬ ಇಬ್ಬರು ಜೊತೆಗೂಡಿ 'ಅಮರಚಂದ್ ಮಂಗಳದಾಸ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಆ ಕಾಲದ ಮುಂಬೈಯಲ್ಲಿ ನ್ಯಾಯಪೀಠದ ಮುಂದೆ ನಿಂತು ವಾದಿಸುವ ಬ್ಯಾರಿಸ್ಟರರು ಬೇರೆ. ಕಕ್ಷಿದಾರನೊಡನೆ ಕುಳಿತು ಕಾಗದಪತ್ರಗಳನ್ನು ಸಿದ್ಧಪಡಿಸುವ ಸಾಲಿಸಿಟರರು ಬೇರೆ. ಸಾಲಿಸಿಟರನ ಬಂಡವಾಳವೆಂದರೆ ಪರರ ಮನೆಯ ಗುಟ್ಟನ್ನು ಕಾಯುವ ನಂಬಿಕೆಯೇ. ವಕೀಲರ ಪರಿಷತ್ತಿನ ನಿಯಮದಂತೆ ವಕೀಲರು ಜಾಹೀರಾತು ಕೊಟ್ಟು ಗಿರಾಕಿಗಳನ್ನು ಕರೆಯುವಂತಿಲ್ಲ. ಹಳೆಯ ಕಕ್ಷಿದಾರನ ಬಾಯಿಯ ಒಳ್ಳೆಯ ಮಾತೇ ಅವರಿಗೆ ಜಾಹೀರಾತು.

ಅಮರಚಂದರ ತರುವಾಯ ಮಗ ಸುರೇಶ್ ಶ್ರಾಫ್, ಅವರ ತರುವಾಯ ಮೊಮ್ಮಕ್ಕಳಾದ ಶಾರ್ದೂಲ್ ಮತ್ತು ಸಿರಿಲ್ ಈ ವೃತ್ತಿಯನ್ನು ಮುಂದುವರಿಸಿದರು. ಅಣ್ಣ ದೆಹಲಿಯಲ್ಲಿಯೂ ತಮ್ಮ ಮುಂಬೈಯಲ್ಲಿಯೂ ಕಾರ್ಯಭಾರ ವಹಿಸಿಕೊಂಡರು. 1956ರ ಕಂಪನಿ ಕಾಯಿದೆಯನ್ವಯ ಒಂದು ಪಾಲುದಾರಿಕೆಯಲ್ಲಿ 20 ಮಂದಿಗಿಂತ ಹೆಚ್ಚು ಇರುವಂತಿರಲಿಲ್ಲ. ಇಂಥ ಸಂಸ್ಥೆಗಳು ಮನೆತನದ ಅಂಕೆಯಲ್ಲಿಯೇ ಉಳಿಯಲು ಇದೂ ಒಂದು ಕಾರಣವಾಯಿತು. 1991ರ ಆರ್ಥಿಕ ಸುಧಾರಣೆಯ ನಂತರ ವಿದೇಶಿ ಬಂಡವಾಳ ಹರಿದುಬಂದಿತು. ಕಂಪನಿಗಳ ಖರೀದಿ, ವಿಲೀನ, ಶೇರು ಬಿಡುಗಡೆಗಳಿಗೆ ಕರಾರುಪತ್ರ ಬರೆಯಬಲ್ಲವರು ಬೇಕಾದರು. ಸಂಸ್ಥೆಯು ನೂರಾರು ವಕೀಲರುಳ್ಳ ದೇಶದ ಅಗ್ರಗಣ್ಯ ಸಂಸ್ಥೆಗಳಲ್ಲೊಂದಾಗಿ ಬೆಳೆಯಿತು.

ಬೆಳೆದ ಮನೆಗೆ ಬರುವ ಪರೀಕ್ಷೆ ಅವರಿಗೂ ಬಂದಿತು. ತಾಯಿ ಭಾರತಿ ಶ್ರಾಫ್ ಅವರ ನಿಧನಾನಂತರ ಅವರ ಉಯಿಲಿನ ವಿಷಯದಲ್ಲಿ ಸೋದರರೊಳಗೆ ಭಿನ್ನಾಭಿಪ್ರಾಯವುಂಟಾಗಿ, 2014ರಲ್ಲಿ ಅದು ಮುಂಬೈ ಉಚ್ಚ ನ್ಯಾಯಾಲಯವನ್ನು ತಲುಪಿತು. ಪರರ ಪಾಲುಪತ್ರಗಳನ್ನು ಬರೆದುಕೊಡುತ್ತಿದ್ದ ಮನೆಗೇ ಪಾಲಿನ ಚಿಂತೆ! ಭರತ-ಬಾಹುಬಲಿಯರ ಕಥೆ ಕೇಳಿ ಬೆಳೆದ ನಮಗೆ ಇದು ಆಶ್ಚರ್ಯವಲ್ಲ. ಆದರೆ ಅವರು ವ್ಯಾಜ್ಯವನ್ನು ಕೊನೆಯವರೆಗೆ ಎಳೆಯಲಿಲ್ಲ. ಮಧ್ಯಸ್ಥಿಕೆಯ ಮಾತುಕತೆಯಾಗಿ 2015ರ ಮೇ ತಿಂಗಳಲ್ಲಿ ಸಂಸ್ಥೆ ಎರಡಾಯಿತು. ಒಂದು 'ಶಾರ್ದೂಲ್ ಅಮರಚಂದ್ ಮಂಗಳದಾಸ್', ಇನ್ನೊಂದು 'ಸಿರಿಲ್ ಅಮರಚಂದ್ ಮಂಗಳದಾಸ್'. ಅಜ್ಜನ ಹೆಸರನ್ನು ಇಬ್ಬರೂ ಉಳಿಸಿಕೊಂಡರು. ಇಂದು ಎರಡಕ್ಕೂ ನಮ್ಮ ಬೆಂಗಳೂರಿನಲ್ಲಿಯೂ ಕಚೇರಿಗಳಿವೆ.

ಬಂಧುಗಳೇ, ಸರಕನ್ನು ತಕ್ಕಡಿಯಲ್ಲಿ ತೂಗಿ ಹಂಚಬಹುದು. ಹೆಸರನ್ನು ತೂಗುವ ತಕ್ಕಡಿ ಇಲ್ಲ. ನಮ್ಮ ತಂದೆಯವರ ಅಂಗಡಿ ಅಣ್ಣನಿಗೂ ನನಗೂ ಹಂಚಿಕೆಯಾದಾಗ ಸರಕಿಗಾಗಿ ಜಗಳವಾಗಲಿಲ್ಲ. ತಂದೆಯವರ ಹೆಸರಿನ ಬೋರ್ಡು ಯಾರಿಗೆ ಎಂಬುದಕ್ಕಾಗಿ ಮೂರು ವರ್ಷ ಮಾತು ಬಿಟ್ಟಿದ್ದೆವು. ಇಂದು ಈ ಬಸದಿಯ ಕಾರ್ಯದಲ್ಲಿ ಒಂದೇ ಸಾಲಿನಲ್ಲಿ ಕುಳಿತಿದ್ದೇವೆ. ಆದರೆ ಆ ಮೂರು ವರ್ಷಗಳನ್ನು ಯಾರೂ ನಮ್ಮ ಲೆಕ್ಕಕ್ಕೆ ಜಮಾ ಮಾಡಿಕೊಡಲಾರರು.

ಆದಕಾರಣ ಹಿರಿಯರಲ್ಲಿ ನನ್ನ ವಿನಂತಿಯಿಷ್ಟೆ. ದೇಹದಲ್ಲಿ ಶಕ್ತಿಯಿರುವಾಗಲೇ, ಮಕ್ಕಳೆಲ್ಲರನ್ನೂ ಎದುರಿಗೆ ಕೂರಿಸಿಕೊಂಡು, ಯಾರ ಪಾಲು ಎಷ್ಟು, ಹೆಸರು ಯಾರಿಗೆ, ತಕರಾರು ಬಂದರೆ ಯಾರ ಮಾತು ಕೇಳತಕ್ಕದ್ದು ಎಂಬುದನ್ನು ಬರೆದಿಡಿರಿ. ಕಿರಿಯರಲ್ಲಿ ವಿನಂತಿ: ಅಂಗಡಿ ಎರಡಾದರೆ ಸೋಲಲ್ಲ, ಮನಸ್ಸು ಎರಡಾಗದಿರಲಿ.