ಸಂಶಯ ಬಂದ ಮಾತ್ರಕ್ಕೆ ಅಪರಾಧಿಯೇ?

(ಸ್ವ-ಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸ)



ಇವತ್ತಿನ ವಿಷಯ ಸ್ವಲ್ಪ ದೊಡ್ಡದು ಅಂತ ನಿಮಗೆ ಅನ್ನಿಸಬಹುದು. ಭಯೋತ್ಪಾದನೆಯನ್ನು ತಡೆಯಲು ಸರಕಾರಕ್ಕೆ ಎಷ್ಟು ಅಧಿಕಾರ ಬೇಕು? ಹೊರದೇಶದಿಂದ ಬಂದು ದುಡಿಯುವ ಒಬ್ಬ ವ್ಯಕ್ತಿಯ ಮೇಲೆ ಸಂಶಯ ಬಂದಾಗ ಅವನಿಗೆ ಯಾವ ಹಕ್ಕುಗಳು ಉಳಿಯುತ್ತವೆ? “ಬಚ್ಚಲು, ಕೊಟ್ಟಿಗೆ, ಸಾಲದ ಕಂತು ಇವುಗಳ ನಡುವೆ ನಮಗೆ ಇದೆಲ್ಲ ಯಾಕೆ?” ಅಂತ ಕೇಳಬಹುದು. ಆದರೆ ನಮ್ಮ ಸಂಘಗಳ ಎಷ್ಟೋ ಸದಸ್ಯೆಯರ ಗಂಡನೋ, ಮಗನೋ, ತಮ್ಮನೋ ಗಲ್ಫಿನಲ್ಲಿ ದುಡಿಯುತ್ತಿದ್ದಾರೆ. ಕೆಲವರ ಮಗಳು ನರ್ಸ್ ಆಗಿ ಹೊರದೇಶದಲ್ಲಿದ್ದಾಳೆ. ಇಲ್ಲಿ ಅವರು ನಮ್ಮ ಮಕ್ಕಳು, ಅಲ್ಲಿ ಅವರೇ ಪರದೇಶಿಗಳು. ಹಾಗಾಗಿ ಇದು ನಮ್ಮ ಮನೆಯ ವಿಷಯವೂ ಹೌದು.

ಬರೀ ತತ್ವ ಹೇಳಿದರೆ ತಲೆಗೆ ಹೋಗುವುದಿಲ್ಲ. ನಮ್ಮ ಕರ್ನಾಟಕದವರೇ ಒಬ್ಬರಿಗೆ ಆದದ್ದನ್ನು ಹೇಳುತ್ತೇನೆ.

ನಡೆದದ್ದೇನು?

ಡಾ. ಮೊಹಮ್ಮದ್ ಹನೀಫ್ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ಹುಟ್ಟಿದವರು. ಬೆಂಗಳೂರಿನಲ್ಲಿ ವೈದ್ಯಕೀಯ ಓದಿ, ಸ್ವಲ್ಪ ಕಾಲ ಇಂಗ್ಲೆಂಡಿನಲ್ಲಿ ಕೆಲಸ ಮಾಡಿ, 2006ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಗೆ ಸೇರಿದರು. ಕೆಲಸದ ವೀಸಾದ ಮೇಲೆ ಅಲ್ಲಿದ್ದರು.

2007ರ ಜೂನ್ 29ರಂದು ಲಂಡನ್ನಿನಲ್ಲಿ ಬಾಂಬ್ ಇಟ್ಟಿದ್ದ ಎರಡು ಕಾರುಗಳು ಪತ್ತೆಯಾದವು. ಮರುದಿನ ಸ್ಕಾಟ್‌ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಬಾಗಿಲಿಗೆ ಒಂದು ಜೀಪನ್ನು ನುಗ್ಗಿಸಿ ಬೆಂಕಿ ಹಚ್ಚಿದರು. ಅದರಲ್ಲಿದ್ದ ಬೆಂಗಳೂರಿನ ಕಫೀಲ್ ಅಹ್ಮದ್ ಸುಟ್ಟಗಾಯಗಳಿಂದ ಆಗಸ್ಟ್ 2ರಂದು ಮೃತಪಟ್ಟ. ಈತ ಡಾ. ಹನೀಫರಿಗೆ ದೂರದ ಸಂಬಂಧದಲ್ಲಿ ಸೋದರ. ಹನೀಫರು 2006ರಲ್ಲಿ ಇಂಗ್ಲೆಂಡ್ ಬಿಡುವಾಗ ತಮ್ಮ ಮೊಬೈಲಿನ ಸಿಮ್ ಕಾರ್ಡನ್ನು ಕಫೀಲನ ತಮ್ಮನಿಗೆ ಕೊಟ್ಟು ಬಂದಿದ್ದರು. ಅದರಲ್ಲಿ ಇನ್ನೂ ಮಾತಾಡುವ ಅವಧಿ ಉಳಿದಿತ್ತು, ಅದಕ್ಕಾಗಿ.

ಜುಲೈ 2ರ ರಾತ್ರಿ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹನೀಫರನ್ನು ಪೊಲೀಸರು ಬಂಧಿಸಿದರು. ಅವರ ಹೆಂಡತಿ ಬೆಂಗಳೂರಿನಲ್ಲಿ ಹೆಣ್ಣುಮಗು ಹೆತ್ತು ವಾರ ಆಗಿತ್ತಷ್ಟೇ. ಮಗುವನ್ನು ನೋಡಲು ಹೊರಟಿದ್ದೇನೆ ಅಂತ ಅವರು ಹೇಳಿದರು. ಕೈಯಲ್ಲಿದ್ದದ್ದು ಹೋಗುವ ಟಿಕೆಟ್ ಮಾತ್ರ, ಬರುವ ಟಿಕೆಟ್ ಇರಲಿಲ್ಲ. ಅದೂ ಸಂಶಯಕ್ಕೆ ಕಾರಣವಾಯಿತು.

ಯಾವ ಆರೋಪವನ್ನೂ ಹೊರಿಸದೆ ಅವರನ್ನು 12 ದಿನ ಇಟ್ಟುಕೊಂಡರು. ಆ ದೇಶದ ಭಯೋತ್ಪಾದನಾ ವಿರೋಧಿ ಕಾನೂನಿನಲ್ಲಿ ವಿಚಾರಣೆಗೆ ಹೆಚ್ಚೆಂದರೆ 24 ಗಂಟೆ ಅಂತ ಇತ್ತು. ಆದರೆ ಪ್ರಶ್ನೆ ಕೇಳದೆ ಕಳೆದ ಹೊತ್ತನ್ನು, ಮ್ಯಾಜಿಸ್ಟ್ರೇಟರ ಅನುಮತಿ ಪಡೆದರೆ, ಲೆಕ್ಕಕ್ಕೆ ಹಿಡಿಯಬೇಕಾಗಿರಲಿಲ್ಲ. ಅದಕ್ಕೆ ಮಿತಿಯೂ ಇರಲಿಲ್ಲ. ನೋಡಿ, ಎಂಟು ಗಂಟೆ ಕೂಲಿ ಕೆಲಸ ಅಂತ ಕರೆದು, ಕಾಯುವ ಹೊತ್ತು ಲೆಕ್ಕಕ್ಕಿಲ್ಲ ಅಂತ ಮಧ್ಯರಾತ್ರಿವರೆಗೆ ಕೂರಿಸಿದರೆ ನಾವು ಒಪ್ಪುತ್ತೇವಾ?

ಜುಲೈ 14ರಂದು, ಸಿಮ್ ಕಾರ್ಡ್ ಕೊಟ್ಟು ಭಯೋತ್ಪಾದಕ ಸಂಘಟನೆಗೆ ನೆರವಾದರು ಅಂತ ಆರೋಪ ಹೊರಿಸಿದರು. 16ರಂದು ಮ್ಯಾಜಿಸ್ಟ್ರೇಟರು 10,000 ಡಾಲರ್ ಜಾಮೀನಿನ ಮೇಲೆ ಬಿಡಬಹುದು ಅಂದರು. ಆದರೆ ಅದೇ ದಿನ, ಕೆಲವೇ ಗಂಟೆಗಳಲ್ಲಿ, ವಲಸೆ ಸಚಿವ ಕೆವಿನ್ ಆ್ಯಂಡ್ರೂಸ್ ಅವರ ವೀಸಾವನ್ನೇ ರದ್ದು ಮಾಡಿದರು. ಜಾಮೀನು ಕಟ್ಟಿ ಹೊರಗೆ ಬಂದರೂ ವಲಸೆ ಇಲಾಖೆಯ ಬಂಧನ ಕಾದಿತ್ತು. ನ್ಯಾಯಾಲಯ ತೆರೆದ ಬಾಗಿಲನ್ನು ಸರಕಾರ ಮುಚ್ಚಿತು.

ಆಮೇಲೆ ಏನಾಯಿತು? ಸುಡುವ ಜೀಪಿನಲ್ಲಿ ಆ ಸಿಮ್ ಕಾರ್ಡ್ ಸಿಕ್ಕಿತು ಅಂತ ನ್ಯಾಯಾಲಯಕ್ಕೆ ಹೇಳಿದ್ದು ಸುಳ್ಳು ಅಂತ ಗೊತ್ತಾಯಿತು. ಅದು ಗ್ಲಾಸ್ಗೋದಲ್ಲಿ ಸಿಕ್ಕಿದ್ದಲ್ಲ, ಸುಮಾರು 300 ಕಿಲೋಮೀಟರ್ ದೂರದ ಲಿವರ್‌ಪೂಲಿನಲ್ಲಿ ಕಫೀಲನ ತಮ್ಮನ ಹತ್ತಿರ ಸಿಕ್ಕಿತ್ತು. ಹನೀಫರ ವಕೀಲ ಸ್ಟೀಫನ್ ಕೀಮ್ ಪೊಲೀಸ್ ವಿಚಾರಣೆಯ 142 ಪುಟಗಳ ಬರಹವನ್ನು ಪತ್ರಿಕೆಗೆ ಕೊಟ್ಟರು. ಜನ ಓದಿ ತಾವೇ ತೀರ್ಮಾನಿಸಿದರು. ಜುಲೈ 27ರಂದು ಆರೋಪವನ್ನು ಹಿಂದಕ್ಕೆ ಪಡೆದರು. 29ರಂದು ಹನೀಫರು ಬೆಂಗಳೂರಿಗೆ ಬಂದಿಳಿದರು. ಮಗು ಹುಟ್ಟಿ ಒಂದು ತಿಂಗಳಾದ ಮೇಲೆ ತಂದೆ ಅದರ ಮುಖ ನೋಡಿದರು. ಆ ಬಾಣಂತಿ ತಾಯಿ ಆ ತಿಂಗಳನ್ನು ಹೇಗೆ ಕಳೆದಿರಬಹುದು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಪೊಲೀಸರು ಕೇಳಿದ್ದೇ ತಪ್ಪಾ?

ಇಲ್ಲ. ಇದನ್ನು ನಾವು ಸರಿಯಾಗಿ ತಿಳಿದುಕೊಳ್ಳಬೇಕು. ವಿಮಾನ ನಿಲ್ದಾಣದಲ್ಲಿ ಟಿಕೆಟ್ ಹಿಡಿದು ನಿಂತ ಹೆಂಗಸರು, ಮಕ್ಕಳು, ಮುದುಕರು ಇದ್ದರಲ್ಲ, ಅವರ ಜೀವಕ್ಕೂ ಬೆಲೆ ಇದೆ. ಸಂಬಂಧಿಕ ಬಾಂಬ್ ಹಿಡಿದವ, ಸಿಮ್ ಕಾರ್ಡ್ ಅವನ ತಮ್ಮನ ಕೈಯಲ್ಲಿ, ಒಂದೇ ದಾರಿಯ ಟಿಕೆಟ್. ಇಷ್ಟಿದ್ದರೆ ಪೊಲೀಸರು ಪ್ರಶ್ನೆ ಕೇಳಲೇಬೇಕು. ಕೇಳದಿದ್ದರೆ ನಾವೇ ಬೈಯುತ್ತಿದ್ದೆವು. ಅಧಿಕಾರ ಬೇಕು. ಆದರೆ ಆ ಅಧಿಕಾರಕ್ಕೆ ಮೂರು ಕಡೆ ಬೇಲಿ ಇರಬೇಕು.

ಮೊದಲನೆಯದು, ಯಾರ ಸಂಬಂಧಿಕ ಅಂತ ಅಲ್ಲ, ಅವನು ಏನು ಮಾಡಿದ ಅಂತ ನೋಡಬೇಕು. 2007ರ ಆಗಸ್ಟ್ 21ರಂದು ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯದ ನ್ಯಾಯಮೂರ್ತಿ ಸ್ಪೆಂಡರ್ ವೀಸಾ ರದ್ದತಿಯನ್ನು ತಳ್ಳಿಹಾಕಿದರು. ಬರೀ ನೆಂಟಸ್ತಿಕೆ, ಪರಿಚಯ ಇದ್ದ ಮಾತ್ರಕ್ಕೆ ಒಬ್ಬನ ನಡತೆ ಕೆಟ್ಟದ್ದು ಅನ್ನಲಾಗದು ಎಂಬುದು ತೀರ್ಪಿನ ತಿರುಳು. ಸಚಿವರ ಅಳತೆಗೋಲು ಹಿಡಿದರೆ, ವಕೀಲನಾಗಿದ್ದಾಗ ಅಪರಾಧಿಗಳ ಜೊತೆ ವ್ಯವಹರಿಸಿದ ತಾನೂ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ ಅಂತ ಅವರು ವಿಚಾರಣೆಯ ವೇಳೆ ಹೇಳಿದ್ದರು. ಸರಕಾರ ಮೇಲ್ಮನವಿ ಹಾಕಿತು, ಡಿಸೆಂಬರಿನಲ್ಲಿ ಅಲ್ಲಿಯೂ ಸೋತಿತು.

ಎರಡನೆಯದು, ಅವಧಿಗೆ ಮಿತಿ ಬೇಕು. ಆಸ್ಟ್ರೇಲಿಯಾ ಇದನ್ನು ಒಪ್ಪಿಕೊಂಡಿತು. ಲೆಕ್ಕಕ್ಕೆ ಹಿಡಿಯದ ಆ ಹೊತ್ತಿಗೆ 2010ರ ಕಾನೂನಿನಲ್ಲಿ 7 ದಿನದ ಮಿತಿ ಹಾಕಿದರು.

ಮೂರನೆಯದು, ಅಪಾಯ ಒಂದೇ ಆದರೆ ನಿಯಮವೂ ಒಂದೇ ಇರಬೇಕು. ಹನೀಫರು ಆಸ್ಟ್ರೇಲಿಯಾದ ಪ್ರಜೆ ಆಗಿದ್ದರೆ ವೀಸಾ ರದ್ದು ಮಾಡಿ ಹಿಡಿದಿಡುವ ದಾರಿಯೇ ಇರುತ್ತಿರಲಿಲ್ಲ. ಇಂಥದ್ದೇ ಪ್ರಶ್ನೆ ಬ್ರಿಟನ್ನಿನಲ್ಲೂ ಬಂದಿತ್ತು. 2001ರಲ್ಲಿ ಅಮೆರಿಕದ ಮೇಲೆ ದಾಳಿ ಆದ ಮೇಲೆ, ಸಂಶಯ ಇರುವ ವಿದೇಶೀಯರನ್ನು ವಿಚಾರಣೆ ಇಲ್ಲದೆ, ಕಾಲಮಿತಿ ಇಲ್ಲದೆ ಇಡಬಹುದು ಅಂತ ಅಲ್ಲಿ ಕಾನೂನು ಮಾಡಿದರು. ಅಂಥದ್ದೇ ಸಂಶಯ ಇದ್ದ ಸ್ವಂತ ಪ್ರಜೆಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. 2004ರ ಡಿಸೆಂಬರ್ 16ರಂದು ಅಲ್ಲಿನ ಅತ್ಯುನ್ನತ ನ್ಯಾಯಪೀಠದ 9 ನ್ಯಾಯಾಧೀಶರಲ್ಲಿ 8 ಮಂದಿ ಇದು ಮಾನವ ಹಕ್ಕುಗಳಿಗೆ ವಿರುದ್ಧ ಅಂದರು, ಅವರಲ್ಲಿ ಹೆಚ್ಚಿನವರು ಇದು ತಾರತಮ್ಯ ಅಂದರು.

ನಮ್ಮ ಸಂಘದ ಪುಸ್ತಕದ ಹಾಗೆ

ನಮ್ಮ ಸಂಘದಲ್ಲಿ ಹಣ ತೆಗೆಯಲು ಒಬ್ಬರ ಸಹಿ ಸಾಕಾ? ಸಾಲದು. ಅಧ್ಯಕ್ಷೆ ಎಷ್ಟೇ ಒಳ್ಳೆಯವರಾದರೂ ಇನ್ನೊಬ್ಬರ ಸಹಿ ಬೇಕು, ಲೆಕ್ಕವನ್ನು ಸಭೆಯಲ್ಲಿ ಓದಬೇಕು. ಅಧ್ಯಕ್ಷೆ ಕಳ್ಳಿ ಅಂತ ಅಲ್ಲ. ತಪ್ಪು ಆಗದ ಹಾಗೆ, ಆದರೆ ಬೇಗ ಗೊತ್ತಾಗುವ ಹಾಗೆ. ಸರಕಾರದ ಅಧಿಕಾರವೂ ಹಾಗೆಯೇ. ಹಿಡಿಯುವವರು ಒಬ್ಬರು, ಹಿಡಿದದ್ದು ಸರಿಯಾ ಅಂತ ನೋಡುವವರು ಇನ್ನೊಬ್ಬರು ಇರಬೇಕು.

ಆಸ್ಟ್ರೇಲಿಯಾದ ಹೊಸ ಸರಕಾರ 2008ರಲ್ಲಿ ನಿವೃತ್ತ ನ್ಯಾಯಾಧೀಶ ಜಾನ್ ಕ್ಲಾರ್ಕ್ ಅವರಿಂದ ತನಿಖೆ ಮಾಡಿಸಿತು. ಹನೀಫರ ಮೇಲಿನ ಆರೋಪಕ್ಕೆ ತಕ್ಕ ಸಾಕ್ಷ್ಯವೇ ಇರಲಿಲ್ಲ ಎಂದು ವರದಿ ಹೇಳಿತು. ದಾಳಿಯ ವಿಷಯ ಹನೀಫರಿಗೆ ಮೊದಲೇ ತಿಳಿದಿತ್ತು ಅನ್ನಲು ಮಾಹಿತಿ ಇಲ್ಲ ಎಂದು ಆ ದೇಶದ ಗುಪ್ತಚರ ಸಂಸ್ಥೆ ಮುಂಚೆಯೇ ತಿಳಿಸಿತ್ತು ಎಂಬುದೂ ಹೊರಬಂತು. 2010ರ ಡಿಸೆಂಬರಿನಲ್ಲಿ ಸರಕಾರ ಅವರಿಗೆ ಪರಿಹಾರ ಕೊಟ್ಟಿತು. ಲೆಕ್ಕದ ಪುಸ್ತಕ ತೆರೆದದ್ದರಿಂದ ಇಷ್ಟಾದರೂ ಆಯಿತು.

ನಮ್ಮ ದೇಶದಲ್ಲಿ

ನಮ್ಮ ಸಂವಿಧಾನದ 21ನೇ ವಿಧಿ ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು “ವ್ಯಕ್ತಿ”ಗೆ ಕೊಡುತ್ತದೆ, ಪ್ರಜೆಗೆ ಮಾತ್ರ ಅಲ್ಲ. ಅಂದರೆ ಇಲ್ಲಿ ಇರುವ ವಿದೇಶೀಯನಿಗೂ ಅದು ಇದೆ. ಸಾಮಾನ್ಯವಾಗಿ, ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು ಎಂದು 22ನೇ ವಿಧಿ ಹೇಳುತ್ತದೆ. ಆದರೆ ನಮ್ಮಲ್ಲೂ ಕಠಿಣ ಕಾನೂನು ಇದೆ. ಸಾಮಾನ್ಯ ಪ್ರಕರಣದಲ್ಲಿ 60 ಅಥವಾ 90 ದಿನದಲ್ಲಿ ದೋಷಾರೋಪ ಪಟ್ಟಿ ಹಾಕದಿದ್ದರೆ ಜಾಮೀನು ಕೇಳುವ ಹಕ್ಕು ಬರುತ್ತದೆ. ಕಾನೂನುಬಾಹಿರ ಚಟುವಟಿಕೆ ತಡೆ ಕಾಯಿದೆಯಲ್ಲಿ, ನ್ಯಾಯಾಲಯ ಒಪ್ಪಿದರೆ, ಇದು 180 ದಿನದವರೆಗೆ ಹೋಗುತ್ತದೆ. ಜಾಮೀನು ಸಿಗುವುದೂ ಬಹಳ ಕಷ್ಟ. ಹಾಗಾಗಿ ಬೇಲಿ ಎಲ್ಲಿ ಹಾಕಬೇಕು ಎಂಬ ಪ್ರಶ್ನೆ ನಮ್ಮದೂ ಹೌದು.

ನಾವು ಮಾಡಬಹುದಾದದ್ದು

1. ಹೊರದೇಶದಲ್ಲಿರುವ ಮನೆಯವರ ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರಿನ ಜೆರಾಕ್ಸ್ ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ. ಆ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿಯ ಫೋನ್ ನಂಬರನ್ನೂ ಬರೆದಿಡಿ.

2. ಬಂಧನವಾದರೆ “ನಮ್ಮ ರಾಯಭಾರ ಕಚೇರಿಗೆ ತಿಳಿಸಿ” ಅಂತ ಕೇಳುವ ಹಕ್ಕು ಇದೆ ಎಂದು ಮಕ್ಕಳಿಗೆ ಹೇಳಿಕೊಡಿ. ಇದು 1963ರ ವಿಯೆನ್ನಾ ಒಪ್ಪಂದದಲ್ಲಿದೆ.

3. ತಮ್ಮ ಹೆಸರಿನ ಸಿಮ್ ಕಾರ್ಡ್, ಬ್ಯಾಂಕ್ ಕಾರ್ಡನ್ನು ಇನ್ನೊಬ್ಬರಿಗೆ ಬಿಟ್ಟು ಬರಬಾರದು ಅಂತ ಹೇಳಿ.

4. ನಮ್ಮ ದೇಶದಲ್ಲಿ ಮಹಿಳೆಯರಿಗೂ ಬಂಧನದಲ್ಲಿರುವವರಿಗೂ 1987ರ ಕಾಯಿದೆಯಂತೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ.

5. ಇದು ಎಲ್ಲಕ್ಕಿಂತ ಮುಖ್ಯ. ನಮ್ಮ ತೋಟಗಳಿಗೆ, ಕಟ್ಟಡದ ಕೆಲಸಕ್ಕೆ ಅಸ್ಸಾಂ, ಬಂಗಾಳದ ಕಡೆಯಿಂದ ಕೂಲಿಯವರು ಬರುತ್ತಾರೆ. “ಇವರು ಬಾಂಗ್ಲಾದವರು, ಇವರನ್ನು ನಂಬಬಾರದು” ಅಂತ ಯಾರಾದರೂ ಹೇಳಿದರೆ, “ಯಾರು? ಏನು ಮಾಡಿದರು? ನೋಡಿದವರು ಯಾರು?” ಅಂತ ಕೇಳಿ. ಕಾರಣ ಇದ್ದರೆ ಪೊಲೀಸರಿಗೆ ತಿಳಿಸಿ. ಕಾರಣ ಇಲ್ಲದಿದ್ದರೆ ಮೊಬೈಲಿನಲ್ಲಿ ಬಂದ ಸುದ್ದಿಯನ್ನು ಮುಂದಕ್ಕೆ ಕಳಿಸಬೇಡಿ. ನಮ್ಮ ಮಗನಿಗೆ ದುಬೈಯಲ್ಲಿ ಯಾವ ನ್ಯಾಯ ಸಿಗಬೇಕು ಅಂತ ಬಯಸುತ್ತೇವೋ, ಇನ್ನೊಬ್ಬ ತಾಯಿಯ ಮಗನಿಗೆ ನಮ್ಮ ಊರಿನಲ್ಲಿ ಅದೇ ನ್ಯಾಯ ಸಿಗಲಿ.



ಸಂಘದ ಸಭೆಯಲ್ಲಿ ಚರ್ಚಿಸಿರಿ:

– ನಮ್ಮ ಊರಿಗೆ ಕೆಲಸಕ್ಕೆ ಬಂದ ಹೊರಗಿನವರ ಬಗ್ಗೆ ನಾವು ಕೇಳಿದ ಮಾತುಗಳಲ್ಲಿ ಕಣ್ಣಾರೆ ಕಂಡದ್ದು ಎಷ್ಟು?

– ಹೊರದೇಶದಲ್ಲಿರುವ ಮನೆಯವರ ದಾಖಲೆಗಳು ನಮ್ಮಲ್ಲಿ ಎಷ್ಟು ಮಂದಿಯ ಹತ್ತಿರ ಇವೆ?