ಪರದೇಶಿ ಮತ್ತು ಒಕ್ಕಲು

(ಆಕಾಶವಾಣಿ ಭಾಷಣ)

ಕನ್ನಡದಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಬೇರೆ ನಾಡಿನಿಂದ ಬಂದವನು ಎಂಬುದು ಒಂದು. ದಿಕ್ಕಿಲ್ಲದವನು, ಅನಾಥ ಎಂಬುದು ಇನ್ನೊಂದು. ಊರು ಬಿಟ್ಟವನಿಗೆ ಆಸರೆಯಿಲ್ಲ ಎಂಬ ಲೋಕಾನುಭವವನ್ನು ನಮ್ಮ ಜನ ಒಂದೇ ಮಾತಿನಲ್ಲಿ ಅಡಗಿಸಿಟ್ಟಿದ್ದಾರೆ.

ಕ್ಯಾಥೊಲಿಕ್ ಕ್ರೈಸ್ತರು ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಜನಸಮುದಾಯವನ್ನು ‘ಪ್ಯಾರಿಷ್’ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಅದು ‘ಧರ್ಮಕೇಂದ್ರ’. ಕರಾವಳಿಯ ಕೊಂಕಣಿಯಲ್ಲಿ ‘ಫಿರ್ಗಜ್’. ಪ್ಯಾರಿಷ್ ಶಬ್ದದ ಮೂಲ ಗ್ರೀಕಿನ ‘ಪರೋಯಿಕಿಯ’. ‘ಪರಾ’ ಎಂದರೆ ಪಕ್ಕ, ‘ಓಯಿಕೋಸ್’ ಎಂದರೆ ಮನೆ. ಪೌರರ ಹಕ್ಕಿಲ್ಲದೆ ಊರವರ ಪಕ್ಕದಲ್ಲಿ ಬಿಡಾರ ಹೂಡಿದವರ ವಾಸ ಎಂಬುದು ಅದರ ಭಾವ. ‘ಓಯಿಕೋಸ್’ಗೂ ನಮ್ಮ ‘ಒಕ್ಕಲು’ ಶಬ್ದಕ್ಕೂ ಕಿವಿಗೆ ಕೇಳುವ ಸಾಮ್ಯವುಂಟು. ಅಂಥ ಸಾಮ್ಯವನ್ನು ನಂಬಿ ಭಾಷಾಶಾಸ್ತ್ರ ಕಟ್ಟಬಾರದು. ಆದರೂ ಒಕ್ಕಲಾಗುವುದೆಂದರೆ ನೆಲೆನಿಲ್ಲುವುದು; ಪರದೇಶಿಯಾಗಿ ಬಂದವನು ಒಕ್ಕಲಾಗುವ ಬಗೆ ಯಾವುದು ಎಂಬುದೇ ಇಂದಿನ ನನ್ನ ವಿಷಯ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕೇಳುಗರಿಗೆ ವಲಸೆಯೆಂಬುದು ಪುಸ್ತಕದ ಮಾತಲ್ಲ. ಮಳೆ ಕೈಕೊಟ್ಟ ವರ್ಷ ಇಲ್ಲಿಂದ ಮಲೆನಾಡಿನ ಕಾಫಿ ತೋಟಗಳಿಗೂ ಬೆಂಗಳೂರಿನ ಕಟ್ಟಡದ ಕೆಲಸಕ್ಕೂ ಹೋದವರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಹಾಗೆಯೇ ಹೆದ್ದಾರಿ, ಗಣಿ, ಗಾಳಿಯಂತ್ರಗಳ ಕೆಲಸಕ್ಕೆಂದು ಹೊರಗಿನವರು ಇಲ್ಲಿಗೆ ಬಂದಿದ್ದಾರೆ. ಕಳಿಸಿಕೊಡುವ ನೋವು, ಬರಮಾಡಿಕೊಳ್ಳುವ ಹೊಣೆ ಎರಡೂ ನಮ್ಮವೇ.

ನಮ್ಮ ಹೊಸದುರ್ಗದ ಹೆಸರನ್ನೇ ಹೊತ್ತ ಇನ್ನೊಂದು ಊರು ಕಾಸರಗೋಡು ಸೀಮೆಯಲ್ಲಿದೆ. ಕಾಞಂಗಾಡಿನ ಬಳಿಯ ಆ ಹೊಸದುರ್ಗದ ಕೋಟೆಯನ್ನು ಕಟ್ಟಿಸಿದವರು ಕೆಳದಿಯ ನಾಯಕರು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅದು ದಕ್ಷಿಣ ಕನ್ನಡಕ್ಕೆ ಸೇರಿತ್ತು. ಅನಂತರ ಕೇರಳದ ಪಾಲಾಯಿತು. ಅಲ್ಲಿಂದ ಪಾಣತ್ತೂರಿನ ಮೇಲೆ ಭಾಗಮಂಡಲಕ್ಕೆ ಏರುವ ದಾರಿಯಲ್ಲಿ ರಾಜಪುರಂ ಎಂಬ ಊರು ಸಿಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ತಿರುವಾಂಕೂರಿನಲ್ಲಿ ಅಕ್ಕಿಗೆ ಅಭಾವ. ಚಿಕ್ಕ ಹಿಡುವಳಿಯವರಿಗೆ ಬದುಕು ದುಸ್ತರ. ಆಗ ಕೋಟ್ಟಯಂ ಧರ್ಮಪ್ರಾಂತ್ಯದ ಬಿಷಪ್ ಅಲೆಕ್ಸಾಂಡರ್ ಚೂಳಪರಂಬಿಲ್ ಅವರ ಮುಂದಾಳುತನದಲ್ಲಿ ಧರ್ಮಪ್ರಾಂತ್ಯವೇ ಇಲ್ಲಿ ಕಾಡುನೆಲವನ್ನು ಕೊಂಡು, ಕ್ನಾನಾಯ ಸಮುದಾಯದ ಕುಟುಂಬಗಳನ್ನು 1943ರಲ್ಲಿ ತಂದು ನೆಲೆಗೊಳಿಸಿತು. ಮಲೇರಿಯಾ ಜ್ವರ, ಕಾಡುಪ್ರಾಣಿಗಳ ಕಾಟ ಮೊದಲ ವರ್ಷಗಳ ಪಾಡು. ಆದರೆ ಅವರು ಬಂದದ್ದು ಒಬ್ಬೊಬ್ಬರಾಗಿ ಅಲ್ಲ. ನೆರೆಹೊರೆಯೊಡನೆ, ಪಾದ್ರಿಯೊಡನೆ ಬಂದರು. ಚರ್ಚೂ ಶಾಲೆಯೂ ಗದ್ದೆ-ತೋಟಗಳ ಜೊತೆಯಲ್ಲೇ ಎದ್ದವು. ಊರನ್ನೇ ಕಿತ್ತು ತಂದು ನೆಟ್ಟಂತಾಯಿತು.

ಎಲ್ಲ ವಲಸೆಯೂ ಹೀಗೆ ಹಿಂಡಾಗಿ ನಡೆಯುವುದಿಲ್ಲ. ಒಬ್ಬಂಟಿಯಾಗಿ ಬಂದವನನ್ನು ಧರ್ಮಕೇಂದ್ರ ಗುರುತಿಸುವುದು ಹೇಗೆ? ಮಂಗಳೂರಿನ ಕಡೆಯ ಪದ್ಧತಿ ಇಲ್ಲಿ ಗಮನಾರ್ಹ. ಒಂದೊಂದು ಫಿರ್ಗಜ್ ಕೆಲವು ವಾಡೆಗಳಾಗಿ ಹಂಚಿಕೊಂಡಿರುತ್ತದೆ. ಪ್ರತಿ ವಾಡೆಗೂ ಒಬ್ಬ ‘ಗುರ್ಕಾರ’. ನಮ್ಮ ‘ಗುರಿಕಾರ’ ಶಬ್ದವೇ ಅದು. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಮದುವೆ, ಯಾವ ಬಾಡಿಗೆ ಮನೆಗೆ ಹೊಸಬರು ಬಂದರು ಎಂಬುದನ್ನು ತಿಳಿದಿರಬೇಕಾದವನು ಅವನು. ಇದರ ಜೊತೆಗೆ 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜಾನಾಂ ಮತ್ತು ಸಂಗಡಿಗರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಶಾಖೆಗಳು ನಮ್ಮ ದೇಶದ ಅನೇಕ ಧರ್ಮಕೇಂದ್ರಗಳಲ್ಲಿವೆ. ಬಡವನನ್ನು ಕಚೇರಿಗೆ ಕರೆಸದೆ ಅವನ ಮನೆಗೇ ಹೋಗಿ ಕಾಣುವುದು ಅದರ ನಿಯಮ. ಕೊಡುವ ಅಕ್ಕಿಗಿಂತ ಬಾಗಿಲು ತಟ್ಟುವ ಕೈ ದೊಡ್ಡದು.

ಇನ್ನೊಂದು ಮೌನವಾದ ಏರ್ಪಾಡಿದೆ. ಅದು ಚರ್ಚಿನ ದಾಖಲೆ ಪುಸ್ತಕ. ದೂರದ ಊರಿನಲ್ಲಿ ಮದುವೆಯಾಗಬೇಕಾದ ಕ್ಯಾಥೊಲಿಕ್ ತನ್ನ ಜ್ಞಾನಸ್ನಾನವಾದ ಧರ್ಮಕೇಂದ್ರದಿಂದ ಪತ್ರ ತರಿಸಬೇಕು. ಮದುವೆ ಮುಗಿದ ಮೇಲೆ ಆ ಸುದ್ದಿಯನ್ನು ಮತ್ತೆ ಹುಟ್ಟೂರಿಗೆ ತಿಳಿಸಬೇಕು; ಅಲ್ಲಿಯ ಹಳೆಯ ಪುಸ್ತಕದಲ್ಲಿ ಅವನ ಹೆಸರಿನ ಪಕ್ಕದಲ್ಲಿ ಅದನ್ನು ಬರೆದಿಡುತ್ತಾರೆ. ಶಾಸ್ತ್ರಕ್ಕೆ ಇದು ಎರಡನೆಯ ಮದುವೆಯನ್ನು ತಡೆಯುವ ಕ್ರಮ. ವಲಸೆಗಾರನಿಗಾದರೋ, ತಾನು ಬಿಟ್ಟು ಬಂದ ಊರು ತನ್ನ ಪುಟವನ್ನು ಮುಚ್ಚಿಲ್ಲ ಎಂಬ ಸಮಾಧಾನ.

ಇಷ್ಟು ಹೇಳಿದ ಮೇಲೆ ಕಷ್ಟದ ಮಾತನ್ನೂ ಆಡಬೇಕು. ರಾಜಪುರಂ ತನ್ನವರನ್ನು ತಾನು ಕಾಪಾಡಿದ ಕಥೆ. ತನ್ನವನಲ್ಲದವನು ಬಂದಾಗ ಏನು? ಕಾಡನ್ನು ಕಡಿದು ಕೃಷಿ ಬೆಳೆದಲ್ಲೆಲ್ಲ, ಮೊದಲಿನಿಂದ ಆ ಕಾಡನ್ನೇ ನಂಬಿದ್ದ ಬುಡಕಟ್ಟಿನವರ ಪಾಲಿಗೆ ಏನುಳಿಯಿತು ಎಂಬ ಪ್ರಶ್ನೆಯೂ ನಿಲ್ಲುತ್ತದೆ. ಒಬ್ಬ ಪರದೇಶಿ ಒಕ್ಕಲಾಗುವಾಗ ಇನ್ನೊಬ್ಬ ಒಕ್ಕಲು ಪರದೇಶಿಯಾಗಬಾರದು.

ಭಾಷೆಯ ಪ್ರಶ್ನೆ ಇನ್ನೂ ಸೂಕ್ಷ್ಮ. ವಲಸಿಗರಿಗೆ ಅವರದೇ ನುಡಿಯ ಗುರುಗಳು ಸಿಗಬೇಕೆಂದು 12ನೆಯ ಪಯಸ್ ಪೋಪರು 1952ರಲ್ಲೇ ವಿಧಿಸಿದರು. ಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದಾಗ ಅದು ಎಲ್ಲರಿಗೂ ಸಮಾನವಾಗಿ ಪರಭಾಷೆ, ಜಗಳಕ್ಕೆ ಎಡೆಯಿರಲಿಲ್ಲ. 1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಆಗ ಯಾರ ದೇಶಭಾಷೆ ಎಂಬ ಪ್ರಶ್ನೆ ಎದ್ದಿತು. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡ, ತಮಿಳು, ಕೊಂಕಣಿಗಳ ನಡುವೆ ನಡೆದ ತಿಕ್ಕಾಟ, ಕನ್ನಡ ಕ್ರೈಸ್ತರು ಕನ್ನಡ ನಾಡಿನಲ್ಲೇ ಕನ್ನಡಕ್ಕಾಗಿ ಹೋರಾಡಬೇಕಾಗಿ ಬಂದದ್ದು, ಎಲ್ಲರೂ ಬಲ್ಲ ಸಂಗತಿ. ನನ್ನ ಅಭಿಪ್ರಾಯ ಇಷ್ಟೆ: ಅತಿಥಿಯ ನುಡಿಯನ್ನು ಕಸಿಯುವುದು ಆತಿಥ್ಯವಲ್ಲ, ಮನೆಯ ನುಡಿಯನ್ನು ಹೊಸ್ತಿಲಾಚೆ ನಿಲ್ಲಿಸುವುದೂ ಆತಿಥ್ಯವಲ್ಲ. ದುಃಖದ ಪ್ರಾರ್ಥನೆ ತಾಯಿನುಡಿಯಲ್ಲಿಯೇ ಆಗಲಿ. ಸಂತೆಯ, ಶಾಲೆಯ, ಸ್ನೇಹದ ನುಡಿ ಕನ್ನಡವಾಗಲಿ. ಅದನ್ನು ಕಲಿಸುವ ಹೊಣೆ ಬರಮಾಡಿಕೊಂಡವರದು.

ಚಿತ್ರದುರ್ಗ ಜಿಲ್ಲೆ ಇಂದು 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದೆ. ಇಲ್ಲಿ ಕ್ಯಾಥೊಲಿಕರ ಸಂಖ್ಯೆ ಅಲ್ಪ. ಕೆಲಸ ಅರಸಿ ಬರುವವರಲ್ಲಿ ಬಹುಪಾಲು ಅವರ ಮತದವರೂ ಅಲ್ಲ. ಆದುದರಿಂದಲೇ ಪರೀಕ್ಷೆ ನಿಜವಾದದ್ದು. ಫ್ರಾನ್ಸಿಸ್ ಪೋಪರು 2018ರ ವಲಸಿಗರ ದಿನದ ಸಂದೇಶದಲ್ಲಿ ನಾಲ್ಕು ಕ್ರಿಯಾಪದಗಳನ್ನು ಮುಂದಿಟ್ಟರು: ಬರಮಾಡಿಕೊಳ್ಳುವುದು, ಕಾಪಾಡುವುದು, ಮೇಲೆತ್ತುವುದು, ಒಳಗೊಳ್ಳುವುದು. ಮೊದಲ ಮೂರನ್ನು ದಾನದಿಂದ ಮಾಡಬಹುದು. ನಾಲ್ಕನೆಯದಕ್ಕೆ ಪಂಕ್ತಿಯಲ್ಲಿ ಎಡೆ ಬಿಟ್ಟುಕೊಡಬೇಕು.

ಇದು ಒಂದು ಮತದವರ ಪಾಠವಲ್ಲ. ಕಲ್ಯಾಣಕ್ಕೆ ಕಾಶ್ಮೀರದಿಂದ ಬಂದನೆಂದು ಹೇಳಲಾಗುವ ಮಾರಯ್ಯ ಸೌದೆ ಹೊತ್ತು ಬದುಕಿ, ಮೋಳಿಗೆಯ ಮಾರಯ್ಯನೆಂದೇ ಹೆಸರಾದ. ಆ ಊರು ಅವನನ್ನು ಅವನ ಕಾಯಕದ ಹೆಸರಿನಿಂದ ಕರೆಯಿತು, ಅವನ ವಚನವನ್ನು ಕನ್ನಡದ್ದೆಂದು ಕಾಪಾಡಿತು. ನಮ್ಮ ಊರಿನ ಅಂಚಿನ ತಗಡಿನ ಶೆಡ್ಡಿನಲ್ಲಿ ಇಂದು ಅಡುಗೆಯ ಹೊಗೆ ಏಳುತ್ತಿದ್ದರೆ, ಅಲ್ಲಿರುವವನ ಹೆಸರನ್ನು ನಾವು ಬಲ್ಲೆವೆ? ಒಕ್ಕಲಾಗುವ ಕೆಲಸ ಹೆಸರು ಕೇಳುವುದರಿಂದ ಮೊದಲಾಗುತ್ತದೆ.

(ಆಕಾಶವಾಣಿಯ ಕೃಪೆಯಿಂದ)